ಕಬ್ಬೂರ ಸರ್ ಎಲ್ಲರಿಗಿಂತ ತಡವಾಗಿ ನಗುತ್ತಿದ್ದರು

ಎರಡು ವರ್ಷದ ಹಿಂದಿನ ಮೇ ತಿಂಗಳ ಕೊನೆಯ ವಾರ. ಗೋಕಾಕದಿಂದ ಘಟಪ್ರಭಾಕ್ಕೆ ಹೋಗುವ ರಸ್ತೆಯ ಬದಿಯ ಒಂದು ಇಂಟರ್‌ನ್ಯಾಷನಲ್ ಶಾಲೆಯಲ್ಲಿ ನಾನು ಸಮಾಜ ವಿಜ್ಞಾನದ ಶಿಕ್ಷಕ. ಶಾಲೆಯ ಹೆಸರಿನಲ್ಲಿ ಇಂಟರ್‌ನ್ಯಾಷನಲ್ ಎಂದಿರುವುದು ನಿಜ, ಆದರೆ ನಮ್ಮಲ್ಲಿ ಅತಿ ದೂರದಿಂದ ಬರುವ ಮಗು ಹುಕ್ಕೇರಿ ತಾಲ್ಲೂಕಿನ ದಡ್ಡಿಯದು. ಪಾಠದ ಜೊತೆಗೆ ನನಗೆ ಆ್ಯಕ್ಟಿವಿಟಿ ಕೋಆರ್ಡಿನೇಟರ್ ಎಂಬ ಹುದ್ದೆಯೂ ಇತ್ತು. ಹಾಗೆಂದರೆ ಯೋಗ ದಿನಕ್ಕೆ ಚಾಪೆ ಹಾಸುವವನು, ವಾರ್ಷಿಕ ಗ್ಯಾದರಿಂಗಿಗೆ ಮೈಕ್ ಹಿಡಿಯುವವನು, ಯಾರು ಏನು ಹೇಳಿದರೂ ಇಲ್ಲ ಎನ್ನಲು ಬಾರದವನು.

ಆ ಹುದ್ದೆ ನನಗೆ ಸಿಕ್ಕಿದ್ದು ಬುದ್ಧಿವಂತಿಕೆಯಿಂದಲ್ಲ, ಅಣಕು ವಿದ್ಯೆಯಿಂದ. ನಮ್ಮದು ಕುರಿ ಕಾಯುವ ಮನೆತನ. ಸಣ್ಣವನಿದ್ದಾಗ ನಾನು ತಾಯಿಕುರಿಯ ದನಿ ತೆಗೆದರೆ ಮರಿಗಳು ನನ್ನತ್ತ ಓಡಿಬಂದು, ಹತ್ತಿರ ಬಂದ ಮೇಲೆ ನಿರಾಶೆಯಿಂದ ಮುಖ ನೋಡುತ್ತಿದ್ದವು. ಕುರಿ ಮುಗಿದ ಮೇಲೆ ಮನುಷ್ಯರನ್ನು ಹಿಡಿದೆ. ಪ್ರಿನ್ಸಿಪಾಲ್ ಮೇಡಂ ಕನ್ನಡಕ ಮೂಗಿನ ಮೇಲಿಂದ ಇಳಿಸಿ ನೋಡುವುದು, ಬಸ್ ಡ್ರೈವರ್ ಕಾಕಾ ಸೀನಿ ಮುಗಿಸಿ ತಾನೇ ಬೆಚ್ಚುವುದು, ಸಂದರ್ಶನದಲ್ಲಿ ಬೆವರಿ ನನ್ನ ಹೆಸರನ್ನೇ ಮರೆತ ನಾನು, ಎಲ್ಲವೂ ನನ್ನ ಪಟ್ಟಿಯಲ್ಲಿದ್ದವು. ನನ್ನನ್ನೂ ಅಣಕಿಸಿಕೊಳ್ಳುತ್ತೇನೆ ಎಂಬ ಒಂದೇ ಕಾರಣಕ್ಕೆ ಬೇರೆಯವರನ್ನು ಅಣಕಿಸಲು ನನಗೆ ಪರವಾನಗಿ ಇದೆ ಎಂದು ನಂಬಿದ್ದೆ.

ಶಾಲೆ ಶುರುವಾಗುವ ಮೊದಲು ಮೂರು ದಿನ ಶಿಕ್ಷಕರಿಗೇ ಪಾಠ ನಡೆಯುತ್ತದೆ. ನಮ್ಮ ಶಾಲೆಯಲ್ಲಿ ಅದನ್ನು ಪ್ರೊಫೆಷನಲ್ ಡೆವಲಪ್‌ಮೆಂಟ್ ಎನ್ನುತ್ತಾರೆ. ವರ್ಷವಿಡೀ ಮಕ್ಕಳಿಗೆ ಸುಮ್ಮನಿರಿ ಎನ್ನುವ ನಾವು ಆ ಮೂರು ದಿನ ಹಿಂದಿನ ಬೆಂಚಿಗಾಗಿ ಜಗಳಾಡುತ್ತೇವೆ. ಆ ವರ್ಷ ಧಾರವಾಡದ ಕಡೆಯಿಂದ ಒಬ್ಬ ನಿವೃತ್ತ ಪ್ರಾಧ್ಯಾಪಕರು ತರಬೇತಿಗೆ ಬಂದಿದ್ದರು. ಮುಂದಿನ ಕಾರ್ಯಕ್ರಮಗಳ ಪಟ್ಟಿ ಗೋಡೆಯ ಮೇಲಿತ್ತು. ಜೂನ್‌ನಲ್ಲಿ ಯೋಗ, ಜುಲೈನಲ್ಲಿ ಓಪನ್ ಕ್ಲಾಸ್, ಆಗಸ್ಟ್‌ನಲ್ಲಿ ಗಣಿತ ಸಪ್ತಾಹ. ಓಪನ್ ಕ್ಲಾಸ್ ಎಂದರೆ ತಂದೆ ತಾಯಿಗಳು ಒಂದು ಪೀರಿಯಡ್ ತರಗತಿಯ ಹಿಂದೆ ಕುಳಿತು ಪಾಠ ನೋಡುವುದು.

ಎರಡನೆಯ ದಿನ ಮಧ್ಯಾಹ್ನದ ವಿಷಯ ‘ತರಗತಿಯನ್ನು ಗಮನಿಸುವುದು’. ಎಲ್ಲರಿಗೂ ಒಂದೊಂದು ಹಾಳೆ ಕೊಡುತ್ತಾರೆ. ಎದುರು ನಡೆಯುವ ಪಾಠದಲ್ಲಿ ಕಣ್ಣಿಗೆ ಕಂಡದ್ದನ್ನು ಮಾತ್ರ ಅದರಲ್ಲಿ ಬರೆಯಬೇಕು. ಚೆನ್ನಾಗಿತ್ತು, ಕೆಟ್ಟಿತ್ತು ಎನ್ನುವಂತಿಲ್ಲ. ಗಮನಿಸಲು ಒಂದು ಪಾಠ ಬೇಕಲ್ಲ? ಊಟದ ಹೊತ್ತಿಗೆ ಪ್ರಿನ್ಸಿಪಾಲ್ ಮೇಡಂ ನನ್ನ ಹತ್ತಿರ ಬಂದರು.

“ಸಿದ್ದಪ್ಪ ಸರ, ಹೋಳಿಗಿ ಉಂಡಾರ, ಎಲ್ಲಾರೂ ನಿದ್ದಿ ಹೊಡೀತಾರ. ಒಂದು ಹತ್ತು ಮಿನಿಟ್ ಏನರ ಪಾಠದ ನಾಟಕ ಮಾಡ್ರಿ.”

“ಯಾರ್ದು ಮಾಡ್ಲಿರಿ ಮೇಡಂ? ನಿಮ್ದ?”

“ನಂದು ಮಾಡಿದ್ರ ನಿಮ್ಮ ಪಗಾರ ನೋಡ್ಕೋರಿ ಮತ್ತ.”

ಹಾಗಾಗಿ ನಾನು ಕಬ್ಬೂರ ಸರ್ ಅವರನ್ನು ಆರಿಸಿಕೊಂಡೆ.

ಕಬ್ಬೂರ ಸರ್ ಆರನೆಯ ತರಗತಿಗೆ ಗಣಿತ ಹೇಳುತ್ತಿದ್ದರು. ಮೂಡಲಗಿಯವರು, ದಿನಾ ಬಸ್ಸಿನಲ್ಲಿ ಬರುವವರು, ಐವತ್ತನಾಲ್ಕು ವಯಸ್ಸು. ಹಣೆಯ ಮೇಲೆ ವಿಭೂತಿ, ಜೇಬಿನಲ್ಲಿ ಮೂರು ಬಣ್ಣದ ಪೆನ್ನು. ಅಣಕಿಸುವವನಿಗೆ ಅವರು ಬಯಲು ತುಂಬಿದ ಮೇವು. ಟ್ಯಾಬ್ಲೆಟ್ ಇರುವ ನಮ್ಮ ಶಾಲೆಯಲ್ಲಿ ಅವರು ಮಕ್ಕಳಿಂದ ಪಾಟಿ, ಅಂದರೆ ಹಳೆಯ ಕಾಲದ ಸ್ಲೇಟು, ತರಿಸುತ್ತಿದ್ದರು. ಪ್ರಶ್ನೆ ಕೇಳಿದರೆ ಎಲ್ಲರೂ ಉತ್ತರವನ್ನು ಪಾಟಿಯ ಮೇಲೆ ಬರೆದು ಎತ್ತಿ ಹಿಡಿಯಬೇಕು. ಯಾರಾದರೂ ಬಾಯಲ್ಲಿ ಹೇಳಿದರೆ ಆ ಮಗುವಿನ ಬೆಂಚಿನ ತನಕ ನಡೆದು ಹೋಗಿ, ಕತ್ತು ಓರೆ ಮಾಡಿ, ತುಟಿಯನ್ನೇ ನೋಡುತ್ತ, “ಇನ್ನೊಮ್ಮೆ ಹೇಳು, ಎಲ್ಲಾರಿಗೂ ಕೇಳಬೇಕು” ಎನ್ನುತ್ತಿದ್ದರು. ನನ್ನನ್ನು ಮಾತ್ರ ತಮ್ಮಾ ಎಂದು ಕರೆಯುತ್ತಿದ್ದರು. ತಾವು ತಂದ ರೊಟ್ಟಿಯಲ್ಲಿ ಅರ್ಧ ನನಗೆ, ಶೇಂಗಾ ಚಟ್ನಿಯಂತೂ ಮುಕ್ಕಾಲು ನನಗೆ.

ನಾನು ಎದ್ದು ನಿಂತು ಮೂರು ಪೆನ್ನು ಜೇಬಿಗೆ ಸಿಕ್ಕಿಸಿಕೊಂಡ ಕೂಡಲೇ ಸಭೆಗೆ ಗೊತ್ತಾಯಿತು. ಮೊದಲ ಸಾಲಿನಲ್ಲಿದ್ದ ಕಬ್ಬೂರ ಸರ್, “ಮಾಡೋ ಮಗನ, ಮಾಡು” ಎಂದು ಕೈ ಬೀಸಿದರು. ಮಾಡಿದೆ. ಅವರ ನಡಿಗೆ, ಅವರ ಕತ್ತು, ಎಡಗಿವಿ ಮುಂದೆ ಚಾಚುವುದು. ಬೋರ್ಡಿನತ್ತ ತಿರುಗಿ ಬರೆಯುವಾಗ ಹಿಂದಿನಿಂದ ಯಾರು ಸರ್ ಸರ್ ಎಂದರೂ ಬರೆಯುತ್ತಲೇ ಇರುವುದು. ನಿದ್ದೆಯ ಮಾತಿರಲಿ, ಜನ ಬೆಂಚು ಬಡಿದು ನಗತೊಡಗಿದರು. ಸರ್ ಕೂಡ ನಕ್ಕರು. ನಗು ಸಿಕ್ಕರೆ ನಾನು ನಿಲ್ಲುವ ಪ್ರಾಣಿಯಲ್ಲ. ಕೊನೆಗೆ ಇನ್ನೊಂದು ಸೇರಿಸಿದೆ. ಸ್ಟಾಫ್ ರೂಮಿನಲ್ಲಿ ಯಾರಾದರೂ ಜೋಕು ಹೇಳಿದರೆ ಸರ್ ಮೊದಲು ಆ ಕಡೆ ಈ ಕಡೆ ಮುಖ ನೋಡಿ, ಎಲ್ಲರೂ ನಗುವುದನ್ನು ಖಾತ್ರಿ ಮಾಡಿಕೊಂಡು, ಆಮೇಲೆ ಎಲ್ಲರಿಗಿಂತ ಜೋರಾಗಿ ನಗುತ್ತಾರೆ. ಅದನ್ನು ಮಾಡಿ ತೋರಿಸಿದೆ.

ಸಭೆ ಬಿದ್ದು ಬಿದ್ದು ನಕ್ಕಿತು. ಕಬ್ಬೂರ ಸರ್ ನಗುವುದನ್ನು ನಿಲ್ಲಿಸಿದರು. ನಾನು ಅದನ್ನು ನೋಡಿದೆ. ನೋಡಿಯೂ ಬಾಗಿ ನಮಸ್ಕಾರ ಮಾಡಿ ಚಪ್ಪಾಳೆ ತೆಗೆದುಕೊಂಡೆ.

ಪ್ರಾಧ್ಯಾಪಕರು ನಗಲಿಲ್ಲ. ಅವರ ಹಾಳೆ ತುಂಬಿತ್ತು. ಎದ್ದು ನಿಂತು ನಿಧಾನವಾಗಿ ಓದಿದರು. “ಶಿಕ್ಷಕರು ಪ್ರತಿ ಸಲ ಎಡಗಿವಿಯನ್ನೇ ಮುಂದೆ ಮಾಡುತ್ತಾರೆ. ಮಾತಾಡುವವರ ತುಟಿ ನೋಡುತ್ತಾರೆ. ಬೆನ್ನು ಮಾಡಿದಾಗ ಕರೆದರೆ ಓಗೊಡುವುದಿಲ್ಲ. ಬೇರೆಯವರ ಮುಖ ನೋಡಿ ಆಮೇಲೆ ನಗುತ್ತಾರೆ.” ನಂತರ ಹಾಳೆ ಕೆಳಗಿಟ್ಟು ನನ್ನ ಬೆನ್ನು ತಟ್ಟಿದರು. “ಎಷ್ಟು ಸೂಕ್ಷ್ಮ ಅಭ್ಯಾಸ ಮಾಡೀರಿ! ಕಿವಿ ಸರಿಯಾಗಿ ಕೇಳದ ಶಿಕ್ಷಕರ ಪಾತ್ರ ಇದು, ಹೌದಲ್ಲ? ತಮಗೆ ಕೇಳಸೂದಿಲ್ಲ ಅಂತ ಯಾರಿಗೂ ಗೊತ್ತಾಗಬಾರದು ಅಂತ ಎಷ್ಟೆಲ್ಲಾ ಉಪಾಯ ಮಾಡ್ತಾರ ನೋಡ್ರಿ.”

ಅವರಿಗೆ ಅದು ನಾನು ಕಟ್ಟಿದ ಪಾತ್ರ. ನಮಗಲ್ಲ. ಮೂವತ್ತು ತಲೆಗಳು ಒಟ್ಟಿಗೆ ಮೊದಲ ಸಾಲಿನತ್ತ ತಿರುಗಿದವು. ಕಬ್ಬೂರ ಸರ್ ಪ್ರಾಧ್ಯಾಪಕರ ತುಟಿಯನ್ನೇ ನೋಡುತ್ತಿದ್ದರು. ಎಲ್ಲ ತಿಳಿಯಿತು ಎನ್ನುವಂತೆ ತಲೆಯಾಡಿಸಿ, ತಮ್ಮ ಖಾಲಿ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟುಕೊಂಡರು.

ನಾನು ಆ ಮನುಷ್ಯನ ಎದುರಿಗೆ ಕುಳಿತು ಎರಡು ವರ್ಷ ಉಂಡಿದ್ದೆ. ಇದು ನನಗೆ ಗೊತ್ತಿರಲಿಲ್ಲ ಎಂದರೆ ಈಗಲೂ ಯಾರೂ ನಂಬುವುದಿಲ್ಲ. ಗೊತ್ತಿಲ್ಲದೆಯೇ ಅಷ್ಟು ಕರಾರುವಾಕ್ಕಾಗಿ ಮಾಡಿದ್ದೆ.

ಮರುದಿನ ಮೇಡಂ ನನ್ನನ್ನು ಕರೆಸಿದರು. ಓಪನ್ ಕ್ಲಾಸಿಗೆ ತಂದೆ ತಾಯಿಗಳು ಬರುತ್ತಾರೆ, ಆಡಳಿತ ಮಂಡಳಿಯವರ ಕಿವಿಗೂ ಸುದ್ದಿ ಬಿದ್ದಿದೆ. ಕಿವಿಯ ಪರೀಕ್ಷೆ ಮಾಡಿಸಿ ವೈದ್ಯರ ಪತ್ರ ತರುವವರೆಗೆ ಕಬ್ಬೂರ ಸರ್ ಪಾಠ ಮಾಡುವಂತಿಲ್ಲ, ಪರೀಕ್ಷಾ ವಿಭಾಗದಲ್ಲಿ ಕೂರಬೇಕು ಎಂದರು. ಆ ವಿಭಾಗದಿಂದ ಯಾರೂ ಮತ್ತೆ ತರಗತಿಗೆ ಬಂದದ್ದನ್ನು ನಾನು ಕಂಡಿರಲಿಲ್ಲ. ಆ ವಯಸ್ಸಿನಲ್ಲಿ ಬೇರೆ ಯಾವ ಖಾಸಗಿ ಶಾಲೆ ಅವರನ್ನು ಕರೆಯುತ್ತದೆ?

“ಮೇಡಂ, ಅದು ಬರೇ ನಾಟಕರಿ. ನಗಸಾಕ ಮಾಡಿದ್ದು.”

“ಹಂಗಾರ ನೀವ ಹೇಳ್ರಿ. ನಿನ್ನಿ ಮಾಡಿದ್ದರಾಗ ಯಾವ್ದು ಸುಳ್ಳು?”

ಒಂದು ಸುಳ್ಳು ಹೇಳಿದ್ದರೆ ಮುಗಿಯುತ್ತಿತ್ತೋ ಏನೋ. ಜಗತ್ತಿನ ಎಲ್ಲರ ದನಿ ತೆಗೆಯುವ ನನ್ನ ಬಾಯಿಂದ ಆ ಹೊತ್ತಿಗೆ ನನ್ನ ದನಿ ಬರಲಿಲ್ಲ. ಇದು ನನ್ನ ಎರಡನೆಯ ತಪ್ಪು. ಮೊದಲನೆಯದಕ್ಕೆ ಅಜ್ಞಾನದ ನೆಪವಾದರೂ ಇತ್ತು. ಇದಕ್ಕೆ ಅದೂ ಇಲ್ಲ.

ರವಿವಾರ ಮೂಡಲಗಿಗೆ ಹೋದೆ. ಬಾಗಿಲು ತೆರೆದವರು ಸರ್ ಅವರ ಹೆಂಡತಿ. ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

“ಬರ್ರಿ ನಾಟಕದ ಮಾಸ್ತರ. ಇವತ್ತ ಯಾರ್ದು ಮಾಡಾಕ ಬಂದೀರಿ? ನಂದ?”

“ಕ್ಷಮಾ ಕೇಳಾಕ ಬಂದೇನ್ರಿ ಅಕ್ಕಾರ.”

“ಜೋರ ಕೇಳ್ರಿ ಮತ್ತ. ನಿಮಗ ಗೊತ್ತೈತೆಲ್ಲ, ಅವರಿಗಿ ಕೇಳಸೂದಿಲ್ಲ.”

ಒಳಗೆ ಸರ್ ಪಾಟಿಗಳ ಚೌಕಟ್ಟಿಗೆ ಮೊಳೆ ಹೊಡೆಯುತ್ತಿದ್ದರು. ನನ್ನನ್ನು ಕಂಡು ಎಡಬದಿಯ ಕುರ್ಚಿ ತೋರಿಸಿದರು. ಬಹಳ ಹೊತ್ತು ನಾನೇ ಮಾತಾಡಿದೆ. ಅವರು ನನ್ನ ತುಟಿ ನೋಡುತ್ತ ಕುಳಿತರು.

“ಆರು ವರ್ಷಾತು ತಮ್ಮಾ,” ಎಂದರು ಕೊನೆಗೆ. “ಬಲಗಿವಿ ಪೂರಾ ಹೋಗೇತಿ. ಎಡಗಿವಿ ಅರ್ಧ. ಪಾಟಿ ಯಾಕ ತರಸ್ತಿದ್ದೆ ಅನ್ಕೊಂಡಿ? ಹುಡುಗರು ಬಾಯಿಲೆ ಹೇಳಿದ್ದು ತಪ್ಪು ಕೇಳಿಸ್ಕೊಂಡು, ಖರೆ ಉತ್ತರಕ್ಕ ತಪ್ಪು ಅಂದೆ ಒಂದ್ಸಲ. ಆ ಹುಡುಗಿ ಅತ್ತಳು. ಅವತ್ತಿಂದ ಪಾಟಿ.”

“ನನಗ ಗೊತ್ತಿರಲಿಲ್ರಿ ಸರ. ಖರೇನ ಗೊತ್ತಿರಲಿಲ್ಲ.”

“ಅದ ನನಗ ತಿಳೀವಲ್ದು ನೋಡು. ಎಲ್ಲಾ ನೋಡಿದಿ. ಹೆಂಗ ನಿಲ್ತೇನಿ, ಹೆಂಗ ನಗ್ತೇನಿ, ಎಲ್ಲಾ. ಯಾಕ್ರಿ ಸರ ಹಿಂಗ ಅಂತ ಒಂದ ಸಲಾನೂ ಕೇಳಲಿಲ್ಲಲ್ಲೋ.”

ಅವರು ಬೈದಿದ್ದರೆ ನಾನು ಬಸ್ಸಿನಲ್ಲಿ ಸಮಾಧಾನದಿಂದ ವಾಪಸಾಗುತ್ತಿದ್ದೆ. ಬೈಯಲಿಲ್ಲ. ಚಹಾ ಕುಡಿಸಿದರು. ಆಸ್ಪತ್ರೆಗೆ ಹೋಗೋಣ ಎಂದಾಗ, ಕಿವಿಗೆ ಮಷೀನು ಹಾಕಿಕೊಂಡು ತರಗತಿಗೆ ಹೋದರೆ ಮಕ್ಕಳು ನಗುತ್ತಾರೆ ಎಂದರು. ಅಡುಗೆಮನೆಯಿಂದ ಅಕ್ಕಾರ ದನಿ ಬಂತು: “ಇಷ್ಟ ದಿನ ದೊಡ್ಡವರ ನಕ್ಕಾರ. ಹುಡುಗರೂ ನಗಲಿ. ನಡೀರಿ ಸುಮ್ನ.” ಆ ಮಾತು ಸರ್‌ಗೆ ಕೇಳಿಸಲಿಲ್ಲ. ನಾನು ಎದುರು ನಿಂತು ಮತ್ತೆ ಹೇಳಿದೆ. ಅಕ್ಕಾರ ದನಿ ತೆಗೆಯದೆ, ನನ್ನ ದನಿಯಲ್ಲಿ.

ಘಟಪ್ರಭಾದ ಒಂದು ಆಸ್ಪತ್ರೆಯಲ್ಲಿ ಪರೀಕ್ಷೆಯಾಯಿತು. ಗಾಜಿನ ಕಿಟಕಿಯ ಸಣ್ಣ ಕೋಣೆಯೊಳಗೆ ಕೂರಿಸಿ, ಕಿವಿಗೆ ಹೆಡ್‌ಫೋನ್ ಹಾಕಿ, ಶಬ್ದ ಕೇಳಿದಾಗ ಗುಂಡಿ ಒತ್ತಬೇಕು ಎನ್ನುತ್ತಾರೆ. ಹೊರಗೆ ನಾನು ಪರೀಕ್ಷಿಸುವ ಹುಡುಗಿಯ ಹಿಂದೆ ನಿಂತಿದ್ದೆ. ಮೊದಲು ಬಲಗಿವಿಗೆ ಅವಳು ಒಂದಾದ ಮೇಲೊಂದು ಶಬ್ದ ಕಳಿಸುತ್ತಿದ್ದಳು. ಒಳಗೆ ಸರ್ ಗಾಜಿನಾಚೆಯಿಂದ ಅವಳ ಕೈಯನ್ನೇ ನೋಡಿ, ಅದು ಅಲುಗಿದಾಗಲೆಲ್ಲ ಗುಂಡಿ ಒತ್ತುತ್ತಿದ್ದರು. ಅವಳಿಗೆ ಇದು ಹೊಸದಲ್ಲ. ಕುರ್ಚಿ ತಿರುಗಿಸಿ ಬೆನ್ನು ಮಾಡಿ ಕುಳಿತಳು. ಆಮೇಲೆ ಅವರ ಕೈ ಗುಂಡಿಯ ಮೇಲೆ ಹಾಗೇ ಇತ್ತು, ಅಲುಗಲಿಲ್ಲ. ಅವಳು ಕಳಿಸುತ್ತಲೇ ಇದ್ದಳು. ಆರು ವರ್ಷ, ದಿನಕ್ಕೆ ಐದು ಪೀರಿಯಡ್, ಈ ಮನುಷ್ಯ ಎಷ್ಟು ಕಷ್ಟಪಟ್ಟು ದುಡಿದಿದ್ದರು ಎಂಬುದು ನನಗೆ ಅಲ್ಲಿ ತಿಳಿಯಿತು. ನಾನು ಹೊರಗೆ ಹೋಗಿ ರಿಕ್ಷಾ ಸ್ಟ್ಯಾಂಡಿನಲ್ಲಿ ನಿಂತೆ.

ಪ್ರಾಧ್ಯಾಪಕರಿಗೆ ಫೋನ್ ಮಾಡಿ ನಿಜ ಹೇಳಿದೆ, ಪಾಟಿಯ ವಿಷಯವನ್ನೂ ಹೇಳಿದೆ. “ನನ್ನನ್ನೂ ಇದರಾಗ ಸೇರಿಸಿಬಿಟ್ರೆಲ್ಲಪಾ” ಎಂದಷ್ಟೇ ಅಂದರು. ಆದರೆ ವಾರದೊಳಗೆ ಶಾಲೆಗೆ ಪತ್ರ ಬರೆದರು. ಪಾಟಿ ಎತ್ತಿ ಹಿಡಿಸುವ ಪದ್ಧತಿಯಲ್ಲಿ ಪ್ರತಿಯೊಂದು ಮಗುವೂ ಪ್ರತಿ ಪ್ರಶ್ನೆಗೂ ಉತ್ತರಿಸಲೇಬೇಕಾಗುತ್ತದೆ, ಹಿಂದೆ ಉಳಿದವರು ಯಾರೆಂದು ಶಿಕ್ಷಕರಿಗೆ ಅಲ್ಲೇ ತಿಳಿಯುತ್ತದೆ, ಇದನ್ನು ಬೇರೆ ತರಗತಿಗಳಲ್ಲೂ ತರಬಹುದು, ಶ್ರವಣಯಂತ್ರ ಧರಿಸಿ ಪಾಠ ಮಾಡಲು ಯಾವ ಅಡ್ಡಿಯೂ ಇಲ್ಲ ಎಂದು ಅದರಲ್ಲಿತ್ತು. ಮೇಡಂ ಆ ಪತ್ರವನ್ನೂ ವೈದ್ಯರ ಪತ್ರವನ್ನೂ ಹಿಡಿದುಕೊಂಡು ಆಡಳಿತ ಮಂಡಳಿಗೆ ಹೋದರು. ಜುಲೈನ ಓಪನ್ ಕ್ಲಾಸಿನಲ್ಲಿ ಕಬ್ಬೂರ ಸರ್ ಪಾಠ ಮಾಡಲಿ, ನೋಡಿ ನಿರ್ಧರಿಸೋಣ ಎಂದು ತೀರ್ಮಾನವಾಯಿತು.

ಆ ದಿನ ನಾನು ಕೋಆರ್ಡಿನೇಟರ್ ಆದ್ದರಿಂದ ಬಾಗಿಲಲ್ಲೇ ನಿಂತಿದ್ದೆ. ಹಿಂದಿನ ಬೆಂಚುಗಳಲ್ಲಿ ಇಪ್ಪತ್ತು ಪಾಲಕರು. ಸರ್ ಒಳಗೆ ಬಂದು ಬೋರ್ಡಿನ ಕಡೆ ಹೋಗಲಿಲ್ಲ. ಮಕ್ಕಳ ಎದುರು ನಿಂತು ಎಡಗಿವಿಯ ಯಂತ್ರ ತೆಗೆದು ಅಂಗೈಯಲ್ಲಿಟ್ಟು ತೋರಿಸಿದರು.

“ಇದು ನನ್ನ ಕಿವಿ. ಇದು ಇಲ್ಲಂದ್ರ ನನಗ ನೀವು ಹೇಳೂದು ಕೇಳಸೂದಿಲ್ಲ. ಇದು ಇದ್ರೂ ಎಲ್ಲಾರೂ ಒಮ್ಮೆಲೇ ಒದರಿದ್ರ ತಿಳಿಯೂದಿಲ್ಲ. ಅದಕ್ಕ ಪಾಟಿ. ಇಷ್ಟ ದಿನಾ ನಿಮಗ ಹೇಳಿರಲಿಲ್ಲ. ತಪ್ಪಾತು.”

ಯಾರೂ ನಗಲಿಲ್ಲ. ಒಬ್ಬಳು ಕೈ ಎತ್ತಿ, ನಮ್ಮಜ್ಜನ ಹತ್ತಿರವೂ ಇದೆ, ಆದರೆ ಅವನು ಅಜ್ಜಿ ಬೈಯುವಾಗ ತೆಗೆದಿಡುತ್ತಾನೆ ಎಂದಳು. ಪಾಲಕರು ನಕ್ಕರು. ಸರ್ ಕೂಡ ನಕ್ಕರು. ಆಮೇಲೆ ಭಿನ್ನರಾಶಿಯ ಪಾಠ ನಡೆಯಿತು. ಮೂವತ್ತೈದು ಪಾಟಿಗಳು ಏಳುವುದು, ಇಳಿಯುವುದು. ಮುಂದಿನ ಸೋಮವಾರ ಆರನೆಯ ತರಗತಿ ಅವರಿಗೆ ವಾಪಸು ಸಿಕ್ಕಿತು.

ಕಥೆ ಇಲ್ಲಿಗೆ ನಿಲ್ಲಿಸಿದರೆ ಎಲ್ಲ ಸುಖಾಂತ, ನನ್ನ ಅಣಕಿನಿಂದಲೇ ಒಳ್ಳೆಯದಾಯಿತು ಎಂದು ನನ್ನ ಬೆನ್ನನ್ನು ನಾನೇ ತಟ್ಟಿಕೊಳ್ಳಬಹುದು. ಸಹೋದ್ಯೋಗಿಗಳು ಹಾಗೆ ಹೇಳಿದ್ದೂ ಉಂಟು. ಆದರೆ ಕಿವಿ ಕೇಳದ ಮಾತನ್ನು ಮಕ್ಕಳಿಗೆ ಯಾವಾಗ ಹೇಳಬೇಕು, ಹೇಗೆ ಹೇಳಬೇಕು ಎಂಬುದು ಕಬ್ಬೂರ ಸರ್ ಅವರ ಹಕ್ಕಾಗಿತ್ತು. ಅದನ್ನು ನಾನು ಹತ್ತು ನಿಮಿಷದ ಚಪ್ಪಾಳೆಗಾಗಿ ಅವರ ಕೈಯಿಂದ ಕಿತ್ತುಕೊಂಡಿದ್ದೆ. ಅದನ್ನು ಯಾವ ಪತ್ರವೂ ವಾಪಸು ಕೊಡಲಿಲ್ಲ.

ಈಗ ನಾನು ಸ್ಟಾಫ್ ರೂಮಿಗೆ ಕಾಲಿಟ್ಟರೆ ಜನ ಕುಳಿತ ಭಂಗಿ ಬದಲಿಸುತ್ತಾರೆ. ಕಾಲು ಅಲ್ಲಾಡಿಸುತ್ತಿದ್ದವರು ನಿಲ್ಲಿಸುತ್ತಾರೆ, ಸೀನು ಬಂದವರು ಹೊರಗೆ ಹೋಗುತ್ತಾರೆ. ನಾನು ಏನನ್ನು ಕಂಡುಬಿಡುತ್ತೇನೋ ಎಂಬ ಭಯ. ಈ ವರ್ಷದ ತರಬೇತಿಗೆ ಹೊಸ ಶಿಕ್ಷಕರಿಗೆ ಗಮನಿಸುವ ಹಾಳೆಯನ್ನು ವಿವರಿಸುವ ಕೆಲಸ ನನಗೇ ಬಂತು. ಕಂಡದ್ದನ್ನು ಬರೆಯಿರಿ ಎಂದೆ. ಬರೆದ ಮೇಲೆ ಯಾರಿಗೂ ಓದಿ ಹೇಳುವ ಮೊದಲು ಆ ಶಿಕ್ಷಕರ ಬಳಿ ಒಬ್ಬರೇ ಹೋಗಿ, ಯಾಕೆ ಹೀಗೆ ಎಂದು ಕೇಳಿ ಬನ್ನಿ ಎಂದೂ ಸೇರಿಸಿದೆ. ಹಾಳೆಯಲ್ಲಿ ಅದಕ್ಕೆ ಜಾಗವಿಲ್ಲ. ನನ್ನ ನೌಕರಿ ನನಗೆ ಕಲಿಸಿದ್ದು ಅಷ್ಟೇ, ಕಲಿಸಿದ್ದು ಬೇರೊಬ್ಬರ ಮರ್ಯಾದೆ ಕಳೆದು.

ಮೊನ್ನೆ ಊಟದ ಹೊತ್ತಿಗೆ ಕಬ್ಬೂರ ಸರ್ ಎಂದಿನಂತೆ ರೊಟ್ಟಿ ಮುರಿದು ಅರ್ಧ ನನ್ನ ಮುಂದಿಟ್ಟರು.

“ತಗೋರಿ ಸಿದ್ದಪ್ಪ ಸರ,” ಎಂದರು. “ಉಣ್ರಿ.”

ತಮ್ಮಾ ಎಂದು ಕರೆದು ಎರಡು ವರ್ಷವಾಯಿತು.