ಬಾನೆಟ್ಟಿಗೆ ಗ್ಯಾಸ್ ಶಾಕ್ ಹಾಕಿಸಿದ್ದು

ನಮ್ಮದು ದಾಸನಕೊಪ್ಪದಲ್ಲಿ ಹಿಂಡಿ ಅಂಗಡಿ. ದನದ ಹಿಂಡಿ, ಬೂಸಾ, ಹತ್ತಿಕಾಳು, ಗೋವಿನಜೋಳದ ನುಚ್ಚು ಮಾರುತ್ತೇವೆ. ಇಂಥ ಅಂಗಡಿ ಇದ್ದಲ್ಲಿ ಇಲಿ ಇರದೆ ಇರುತ್ತದೆಯೇ? ಅಂಗಡಿಯ ಮಗ್ಗುಲಿಗೇ ತಗಡಿನ ಶೆಡ್ಡು, ಅದರೊಳಗೆ ನಮ್ಮ ಹಳೇ ಬಿಳಿ ಕಾರು. ಹಿಂಡಿ ತಿಂದು ಹೊಟ್ಟೆ ತುಂಬಿದ ಇಲಿಗಳು ಬಾಯಾಡಿಸಲಿಕ್ಕೆ ಕಾರಿನ ವೈರುಗಳಿಗೆ ಬರುತ್ತವೆ. ಎಂಜಿನ್ನು ಬೆಚ್ಚಗಿರುತ್ತದೆ, ಒಳಗೆ ಕತ್ತಲಿರುತ್ತದೆ, ದರಿದ್ರದವಕ್ಕೆ ಇನ್ನೇನು ಬೇಕು! ಅದಕ್ಕೇ ನಮ್ಮ ಕಡೆ ಕಾರಿದ್ದವರು ಸಂಜೆ ಗಾಡಿ ನಿಲ್ಲಿಸಿದ ಕೂಡಲೇ ಬಾನೆಟ್ ಎತ್ತಿ ಇಡುತ್ತಾರೆ, ಬೆಳಿಗ್ಗೆ ಮುಚ್ಚುತ್ತಾರೆ. ಗಾಳಿ ಬೆಳಕು ಆಡಿದರೆ ಇಲಿ ಗೂಡು ಕಟ್ಟುವುದಿಲ್ಲ. ಹೊಸಬರು ನೋಡಿದರೆ ಊರಿನ ಕಾರುಗಳೆಲ್ಲ ಒಟ್ಟಿಗೇ ಕೆಟ್ಟು ನಿಂತಿವೆ ಅಂದುಕೊಳ್ಳಬೇಕು.

ನಮ್ಮ ಮನೆಯಲ್ಲಿ ಈ ಕೆಲಸ ಯಜಮಾನರದು. ಅವರಿಗೆ ಲಕ್ವ ಹೊಡೆದು ಬಲಗೈ ನಿಂತುಹೋಗಿದೆ, ಬಲಗಾಲು ಎಳೆಯುತ್ತದೆ, ಮಾತು ತಡೆದು ತಡೆದು ಬರುತ್ತದೆ. ಬುದ್ಧಿಗೆ ಏನೂ ಆಗಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ನಾನು ನಡೆದುಕೊಂಡ ರೀತಿ ನೋಡಿದರೆ ನಿಮಗೆ ಬೇರೆ ಥರ ಅನ್ನಿಸೀತು. ಒಂದು ಕಾಲಕ್ಕೆ ಹಾವೇರಿಯಿಂದ ಬನವಾಸಿಯವರೆಗೆ ಟೆಂಪೋದಲ್ಲಿ ಮಾಲು ತರುತ್ತಿದ್ದವರು. ಈಗ ಸ್ಟಿಯರಿಂಗ್ ನನ್ನ ಕೈಯಲ್ಲಿದೆ. ಐವತ್ತು ದಾಟಿದ ಮೇಲೆ ಗಾಡಿ ಕಲಿತವಳು ನಾನು. ಗಿರಾಕಿಗಳ ಜೊತೆ ಮಾತು, ಮಾಲಿನ ವ್ಯವಹಾರ ಎಲ್ಲ ಒಂದೊಂದಾಗಿ ನನ್ನ ಕಡೆ ಬಂದವು. ಅವರ ಪಾಲಿಗೆ ಉಳಿದದ್ದು ಬಾನೆಟ್ಟೊಂದೇ.

ಬಾನೆಟ್ ಎತ್ತುವುದಕ್ಕೆ ಎರಡು ಕೈ ಬೇಕು. ಒಂದು ಕೈಯಲ್ಲಿ ಎತ್ತಿ ಹಿಡಿಯಬೇಕು, ಇನ್ನೊಂದು ಕೈಯಲ್ಲಿ ಕೆಳಗಿನ ಕಬ್ಬಿಣದ ಕಂಬಿಯನ್ನು ಬಿಡಿಸಿ ಅದರ ತೂತಿಗೆ ಆನಿಸಬೇಕು. ಇವರು ಎಡಗೈಯಲ್ಲಿ ಎತ್ತಿ, ಕುತ್ತಿಗೆ ಬಗ್ಗಿಸಿ ತಲೆಯನ್ನು ಒಳಗೆ ತೂರಿಸಿ, ಬಾನೆಟ್ಟನ್ನು ತಲೆಯ ಮೇಲೆ ಹೊತ್ತು ನಿಲ್ಲುತ್ತಿದ್ದರು. ಆಮೇಲೆ ಎಡಗೈ ಕಂಬಿಯನ್ನು ತಡವುತ್ತ ಹೋಗುತ್ತಿತ್ತು. ಕೆಲವು ಸಲ ಕಂಬಿ ಜಾರುತ್ತಿತ್ತು. ಮತ್ತೆ ತಡವುವುದು. ರಸ್ತೆಯ ಆಚೆ ಚಹಾದಂಗಡಿಯ ಬೆಂಚಿನ ಮೇಲೆ ಸಂಜೆ ಹೊತ್ತು ಊರೆಲ್ಲ ಕೂತಿರುತ್ತದೆ.

"ಅಣ್ಣಾರ, ನಾವು ಹಿಡೀಲೇನ್ರೀ?" ಅಂತ ಅಲ್ಲಿಂದ ಯಾರಾದರೂ ಏಳುತ್ತಿದ್ದರು.

ಇವರು ಬೇಡವೆಂದು ಕೈ ಎತ್ತುತ್ತಿದ್ದರು. ಎತ್ತಿದ ಕೈ ಅದೇ ಎಡಗೈ ತಾನೇ, ಕಂಬಿ ಮತ್ತೆ ಬೀಳುತ್ತಿತ್ತು. ನಾನು ಅಂಗಡಿಯೊಳಗಿನಿಂದಲೇ, "ಬಿಡ್ರಿ ಅತ್ಲಾಗ, ನಾ ಬಂದು ಎತ್ತತೀನಿ" ಅಂತ ಕೂಗುತ್ತಿದ್ದೆ. ಅವರು ತಿರುಗಿ ಸಹ ನೋಡುತ್ತಿರಲಿಲ್ಲ. ಕೊನೆಗೆ ಕಂಬಿ ಕೂತ ಮೇಲೆ ಬಾನೆಟ್ಟಿನ ಮೇಲೆ ಒಮ್ಮೆ ಅಂಗೈ ತಟ್ಟಿ ಒಳಗೆ ಬರುತ್ತಿದ್ದರು. ಆ ಹೊತ್ತಿಗೆ ಮುಖ ಗೆಲುವಾಗಿರುತ್ತಿತ್ತು. ನನಗೆ ಮಾತ್ರ ಸಂಜೆಯಾಗುವುದೇ ಬೇಡವೆನಿಸುತ್ತಿತ್ತು.

ಒಂದು ಸಲ ಸಿದ್ದಾಪುರದಲ್ಲಿ ನನ್ನ ತಮ್ಮನ ಮನೆಯ ಕಾರ್ಯಕ್ಕೆ ಹೋಗಿದ್ದೆವು. ಊಟ ಮುಗಿಸಿ ಹೊರಗೆ ಬಂದಾಗ ತಮ್ಮ ತನ್ನ ಕಾರಿನ ಬಾನೆಟ್ ತೋರಿಸಿದ. ಕೊಕ್ಕೆ ಬಿಡಿಸಿ ಬೆರಳಲ್ಲಿ ಒಂದಿಷ್ಟು ಎತ್ತಿದ್ದೇ ತಡ, ಅದು ತಾನೇ ಮೇಲೆ ಎದ್ದು ನಿಂತಿತು. ಕಂಬಿಯೇ ಇಲ್ಲ.

"ಎರಡೂ ಬಾಜೂಕ ಗ್ಯಾಸ್ ಶಾಕ್ ಹಾಕ್ಸೀನಿ ನೋಡಕ್ಕ. ಒಂದ್ ಬೆರಳು ಸಾಕು" ಅಂದ.

ಹಿಂದಿನ ಡಿಕ್ಕಿಯ ಬಾಗಿಲು ಮೇಲೆ ನಿಲ್ಲಲಿಕ್ಕೆ ಎರಡು ಕಪ್ಪು ಕೊಳವೆ ಇರುತ್ತವಲ್ಲ, ಅದೇ ಜಾತಿಯವು. ಒಳಗೆ ಗ್ಯಾಸು ತುಂಬಿರುತ್ತದೆ, ಅದು ಸದಾ ಹೊರಗೆ ಒತ್ತುತ್ತಿರುತ್ತದೆ. ನಮ್ಮ ಕಾರಿನ ಕಂಪನಿಯವರು ಹಾಕಿ ಕೊಟ್ಟಿರಲಿಲ್ಲ, ಆದರೆ ಹೊರಗೆ ಸಿಗುತ್ತವಂತೆ. ನನಗೆ ಕುಣಿಯುವಷ್ಟು ಖುಷಿಯಾಯಿತು. ಮೊಬೈಲಿನಲ್ಲಿ ಹುಡುಕಿದೆ, ಹಾಕಿಸಿದವರು ಬರೆದದ್ದನ್ನೆಲ್ಲ ಓದಿದೆ, ತಮ್ಮನನ್ನು ನೂರೆಂಟು ಪ್ರಶ್ನೆ ಕೇಳಿ ತಲೆ ತಿಂದೆ. ಇವರು ಅಲ್ಲೇ ಜಗುಲಿಯ ಮೇಲೆ ಎಲೆ ಅಡಿಕೆ ಹಾಕುತ್ತ ಕೂತಿದ್ದರು.

ಬರುವ ದಾರಿಯಲ್ಲಿ ಶಿರಸಿಯಲ್ಲಿ ಅಂಗಡಿಯೊಂದರ ಮುಂದೆ ಕಾರು ನಿಲ್ಲಿಸಿದೆ. "ಕೂತಿರ್ರಿ, ಬಂದೆ" ಅಂತ ಇವರಿಗೆ ಹೇಳಿ ಇಳಿದೆ. ಅಂಗಡಿಯವನು ಎರಡು ಜೊತೆ ತಂದು ಮೇಜಿನ ಮೇಲಿಟ್ಟ. ಒಂದು ತೆಳ್ಳಗಿತ್ತು, ಇನ್ನೊಂದು ದಪ್ಪ.

"ಎರಡೂ ಕೂರ್ತದೆ ಅಕ್ಕ. ಇದು ಹಗೂರದ್ದು, ಇದು ಸ್ಟ್ರಾಂಗು. ಯಾವ್ದು ಕೊಡ್ಲಿ?"

ನಾನು ಎರಡನ್ನೂ ಕೈಯಲ್ಲಿ ತೂಗಿ ನೋಡಿದೆ. ಜೀವಮಾನವೆಲ್ಲ ಹಿಂಡಿಚೀಲ ತೂಗಿದವಳು, ಭಾರವಾದದ್ದೇ ಒಳ್ಳೆಯದು ಅನ್ನುವುದು ಕೈಗೆ ಅಂಟಿಬಿಟ್ಟಿದೆ. ಅದರ ಮೇಲೆ ನನ್ನದೊಂದು ಲೆಕ್ಕವಿತ್ತು. ತೆರೆದ ಬಾನೆಟ್ಟಿನ ಮೇಲೆ ನಾವು ತೊಳೆದ ಗೋಣಿಚೀಲ ಒಣಹಾಕುತ್ತೇವೆ. ಎಂಜಿನ್ನಿನ ಬಿಸಿಗೆ ಬೇಗ ಒಣಗುತ್ತವೆ. ಶಾಕು ಬಾನೆಟ್ಟಿನ ಜೊತೆ ಹಸಿ ಚೀಲದ ಭಾರವನ್ನೂ ಹೊರಬೇಕಲ್ಲ?

"ಸ್ಟ್ರಾಂಗ್ ಕೊಡ್ರಿ. ಹಸಿ ಚೀಲ ಹಾಕಿದ್ರೂ ಬೀಳಬಾರ್ದು" ಅಂದೆ.

"ಚೀಲವಾ? ಬಾನೆಟ್ ಮೇಲೆ ಎಂತಕ್ಕೆ ಅಕ್ಕ ಚೀಲ?"

ನಾನು ವಿವರಿಸಿದೆ. ಅಂಗಡಿಯಲ್ಲಿ ನಿಂತಿದ್ದವರೆಲ್ಲ ನಕ್ಕರು. ನಾಲ್ಕು ಜನ ನಕ್ಕರೆ ನನ್ನ ಬಾಯಿಗೆ ಬೀಗ ಇಲ್ಲ. "ನಗಬ್ಯಾಡ್ರಿ, ನಮ್ಮನಿಯವ್ರಿಗೆ ಒಂದ್ ಕೈ ಬರಂಗಿಲ್ಲ. ಬಾನೆಟ್ ತಲಿಮ್ಯಾಲೆ ಹೊತ್ಕೊಂಡು ನಿಲ್ತಾರ, ನೋಡಾಕಾಗಂಗಿಲ್ಲ" ಅಂದೆ. ಅಂದದ್ದಷ್ಟೇ ಅಲ್ಲ, ಕುತ್ತಿಗೆ ಬಗ್ಗಿಸಿ, ಒಂದು ಕೈ ಇಳಿಬಿಟ್ಟು, ಇನ್ನೊಂದರಲ್ಲಿ ಗಾಳಿಯಲ್ಲಿ ತಡವಿ ತೋರಿಸಿಯೂ ಬಿಟ್ಟೆ. ಯಾರೋ ಅಯ್ಯೋ ಅಂದರು, ಯಾರೋ ಇನ್ನೂ ಚೀಲಕ್ಕೇ ನಗುತ್ತಿದ್ದರು. ತಲೆ ಎತ್ತಿದಾಗ ನಮ್ಮ ಕಾರಿನ ಎಡಗಡೆಯ ಗಾಜು ಮೆಲ್ಲಗೆ ಮೇಲೇರುತ್ತಿತ್ತು. ಅಲ್ಲಿಯವರೆಗೆ ಅದು ಇಳಿದೇ ಇತ್ತು.

ಹಾಕಿ ಮುಗಿಸಲಿಕ್ಕೆ ಹೆಚ್ಚು ಹೊತ್ತು ಹಿಡಿಯಲಿಲ್ಲ, ಇದ್ದ ತೂತಿಗೇ ಬೋಲ್ಟು ಬಿಗಿದರು. ಮುಚ್ಚುವಾಗ ಅಂಗಡಿಯ ಇಬ್ಬರು ಎರಡು ಬದಿಗೆ ನಿಂತು ಧಪ್ಪೆಂದು ಒತ್ತಿದರು. ಹೊಸತಲ್ಲವೇ, ಬಿಗಿ ಇರುತ್ತದೆ ಅಂದುಕೊಂಡೆ. ದಾಸನಕೊಪ್ಪ ಮುಟ್ಟುವವರೆಗೆ ಇವರು ಆ ಗಾಜಿಗೆ ತಲೆ ಆನಿಸಿಕೊಂಡೇ ಕೂತಿದ್ದರು. ದಣಿದಿರಬೇಕು ಅಂದುಕೊಂಡೆ. ನನಗೆ ಅನುಕೂಲವಾದದ್ದನ್ನೆಲ್ಲ ಅಂದುಕೊಂಡೆ.

ಸಂಜೆ ಇವರು ಕೊಕ್ಕೆ ಬಿಡಿಸಿದರು. ಬಾನೆಟ್ಟು ಭಸ್ಸನೆ ಎದ್ದು ನಿಂತಿತು. ಆಚೆ ಬೆಂಚಿನಿಂದ "ಭಾರಿ ಐತ್ರೀ ಅಣ್ಣಾರ!" ಅಂತ ಕೂಗು ಬಂತು. ಇವರು ಇನ್ನೂ ಗಾಳಿಯಲ್ಲೇ ಇದ್ದ ತಮ್ಮ ಎಡಗೈಯನ್ನು ನೋಡಿಕೊಂಡು, ಅದನ್ನು ಕೆಳಗಿಳಿಸಿ ಒಳಗೆ ಬಂದರು. ನಾನು ಬೀಗಿಕೊಂಡು ಆಚೆಯವರಿಗೆಲ್ಲ ಕೈ ಬೀಸಿದೆ.

ಮರುದಿನ ಬೆಳಿಗ್ಗೆ ಅಂಗಡಿಯ ಶಟರು ಎತ್ತುತ್ತಿದ್ದೆ. ಶೆಡ್ಡಿನಿಂದ ಉಸಿರು ಬಿಗಿಹಿಡಿದು ಬಿಡುವ ಸದ್ದು ಬಂತು. ಮೊದಲಾದರೆ ಮುಚ್ಚುವುದು ಏನೂ ಕೆಲಸವಿರಲಿಲ್ಲ. ಕಂಬಿ ತೆಗೆದು ಕೈ ಬಿಟ್ಟರೆ ಬಾನೆಟ್ಟು ತನ್ನ ಭಾರಕ್ಕೇ ಬಿದ್ದು ಕೂರುತ್ತಿತ್ತು. ಈ ದಪ್ಪ ಶಾಕಿಗೆ ಮಾತ್ರ ಒತ್ತಿದಷ್ಟೂ ಸಿಟ್ಟು. ಇವರು ಎಡಗೈಯಲ್ಲಿ ಅರ್ಧ ಇಳಿಸಿದರೆ ಅದು ಪುನಃ ಎತ್ತಿ ಒಗೆಯುತ್ತಿತ್ತು. ಕೊನೆಗೆ ಇವರು ಎದೆ ಕೊಟ್ಟು ಬಿದ್ದುಬಿಟ್ಟಿದ್ದರು. ನಾನು ಇಣುಕಿದಾಗ ಬಾನೆಟ್ಟಿನ ಮೇಲೆ ಬೋರಲು ಮಲಗಿದ್ದರು. ಎರಡೂ ಕಾಲು ನೆಲ ಬಿಟ್ಟಿದ್ದವು, ಒಂದು ಚಪ್ಪಲಿ ಕಳಚಿ ಬಿದ್ದಿತ್ತು, ಕೆನ್ನೆ ತಗಡಿಗೆ ಒತ್ತಿತ್ತು. ಒಂದು ಮೂಲೆ ಆಗಲೇ ಬಾಗಿತ್ತು. ಅಷ್ಟಾದರೂ ಕೊಕ್ಕೆ ಬಿದ್ದಿರಲಿಲ್ಲ.

ನಾನು ಓಡಿದೆ. ಆದರೆ ಓಡುವ ಮೊದಲು ರಸ್ತೆಯ ಆಚೆ ನೋಡಿದೆ, ಯಾರಾದರೂ ನೋಡುತ್ತಿದ್ದಾರೇನೋ ಅಂತ.

ಇಷ್ಟು ಸಣ್ಣ ಸಂಗತಿ. ಕಣ್ಣು ಆ ಕಡೆ ಹೋಗಿ ಬಂತು, ಅಷ್ಟೇ. ಬೆಂಚು ಖಾಲಿ ಇತ್ತು. ಆಮೇಲೆ ಹೋಗಿ ಇವರ ಹೆಗಲು ಹಿಡಿದು ಇಳಿಸಿದೆ, ಚಪ್ಪಲಿ ಹಾಕಿಸಿದೆ, ಹಿಂಡಿಚೀಲದ ಮೇಲೆ ಕೂರಿಸಿ ನೀರು ಕೊಟ್ಟೆ. ಇವರು ಕುಡಿಯಲಿಲ್ಲ. ಲೋಟ ಹಿಡಿದುಕೊಂಡೇ ನನ್ನನ್ನು ನೋಡಿದರು.

"ಮೊದಲ... ಅಲ್ಲಿ... ನೋಡಿದಿ."

ನಾನು ಅವರ ಅಂಗಿಗೆ ಹತ್ತಿದ ಧೂಳು ಕೊಡವತೊಡಗಿದೆ.

"ನಾಚಿಕಿ... ಬರ್ತೈತೇನು? ನಂದು?"

ಇಲ್ಲ ಅನ್ನಬಹುದಿತ್ತು. ಛೇ ಛೇ, ಏನಂತ ಮಾತಾಡ್ತೀರಿ, ಅಂತ ಬಾಯಿ ಮಾಡಿ ಅಳಬಹುದಿತ್ತು. ನನಗೆ ಅದೆಲ್ಲ ಚೆನ್ನಾಗಿ ಬರುತ್ತದೆ. ಆದರೆ ಅವರು ಒಂದೊಂದು ಮಾತಿಗೂ ಅಷ್ಟು ಕಷ್ಟಪಟ್ಟಿದ್ದರು, ಸುಳ್ಳು ಹೇಳಲಿಕ್ಕೆ ನಾಲಿಗೆ ಏಳಲಿಲ್ಲ.

"ಹೌದ್ರೀ" ಅಂದೆ.

ಅವರು ತಲೆ ಆಡಿಸಿದರು. ಸಿಟ್ಟಾದಂತೆ ಕಾಣಲಿಲ್ಲ. ಲೋಟವನ್ನು ಕೆಳಗಿಟ್ಟು, "ಶಿರಸ್ಯಾಗ... ನನ್ನ ಕೇಳಬೇಕಿತ್ತು. ಕಾರಿನ್ಯಾಗ... ಇದ್ನಲ್ಲ" ಅಂದರು.

ನೆಲ ಬಾಯಿ ಬಿಟ್ಟು ನನ್ನನ್ನು ನುಂಗಬಾರದೇ ಅನ್ನಿಸಿತು. ಇಂಟರ್ನೆಟ್ಟಿನಲ್ಲಿ ಯಾವನನ್ನೋ ಕೇಳಿದ್ದೆ, ತಮ್ಮನನ್ನು ಕೇಳಿದ್ದೆ, ಅಂಗಡಿಯವನನ್ನು ಕೇಳಿದ್ದೆ. ಬಾನೆಟ್ ಎತ್ತುವ ಮನುಷ್ಯ ಹತ್ತು ಹೆಜ್ಜೆ ದೂರದಲ್ಲಿ ಗಾಜು ಇಳಿಸಿಕೊಂಡು ಕೂತಿದ್ದರು. ಅವರ ಕಷ್ಟ ನೋಡಲಾರದೆ ತಂದೆ ಅಂತ ಊರಿಗೆಲ್ಲ ಹೇಳಿಕೊಂಡು ಬಂದಿದ್ದೆ. ನಿಜಕ್ಕೂ ನಾನು ಅದನ್ನು ತಂದದ್ದು, ಅವರು ಪರದಾಡುವುದನ್ನು ಜನ ನೋಡದಿರಲಿ ಅಂತ.

ಆಮೇಲೆ ಬೆಳಿಗ್ಗೆ ಬಾನೆಟ್ ಮುಚ್ಚುವವಳು ನಾನೇ ಆದೆ, ಎರಡೂ ಕೈ ಊರಿ, ಹಲ್ಲು ಕಚ್ಚಿ. ಸಂಜೆ ತೆರೆಯಲಿಕ್ಕೂ ಇವರು ಶೆಡ್ಡಿಗೆ ಬರುವುದನ್ನು ಬಿಟ್ಟರು. ಕತ್ತಲಾಗುವ ಹೊತ್ತಿಗೆ ಒಳಗೆ ಹೋಗಿ ಟಿವಿ ಮುಂದೆ ಕೂರುತ್ತಿದ್ದರು. ಯಾರ ತಲೆಯೂ ಈಗ ಬಾನೆಟ್ಟಿನ ಕೆಳಗೆ ಇರಲಿಲ್ಲ, ಬೆಂಚಿನಿಂದ ಯಾರೂ ಏಳುತ್ತಿರಲಿಲ್ಲ. ನಾನು ಬೇಡಿದ್ದೂ ಇದೇ ಅಲ್ಲವೇ? ಸಿಕ್ಕಿತ್ತು. ಆದರೂ ಮತ್ತೆ ತಮ್ಮನಿಗೆ ಫೋನು ಹಚ್ಚಿದೆ.

ಯಲ್ಲಾಪುರದಲ್ಲಿ ಹೆದ್ದಾರಿಯ ಬದಿಗೆ ಗಾಡಿ ಸಾಮಾನಿನ ದೊಡ್ಡ ಅಂಗಡಿ ಇದೆ, ಬೇರೆ ಬೇರೆ ಜೋರಿನ ಶಾಕು ಅಲ್ಲಿ ಸಿಗುತ್ತವೆ ಅಂತ ತಮ್ಮ ಫೋನಿನಲ್ಲಿ ಹೇಳಿದ. ಊಟಕ್ಕೆ ಬಡಿಸುವಾಗ ಇವರನ್ನು ಕೇಳಿದೆ. "ಯಲ್ಲಾಪುರಕ್ಕ ಹೋಗೂಣೇನ್ರಿ? ನೀವ ಆರಿಸ್ರಿ. ನಾ ಬಾಯಿ ಹಾಕಂಗಿಲ್ಲ." ಇವರು ಊಟ ಮುಗಿಸಿ ಎದ್ದರು. ಬೆಳಿಗ್ಗೆ ಎದ್ದು ನೋಡಿದರೆ ಇಸ್ತ್ರಿಯ ಅಂಗಿ ತೊಟ್ಟು, ಗುಂಡಿ ಹಾಕಿಸಿಕೊಳ್ಳಲಿಕ್ಕೆ ನನ್ನ ಮುಂದೆ ಬಂದು ನಿಂತಿದ್ದರು.

ಅಂಗಡಿಯವನು ಇವರನ್ನು ಒಮ್ಮೆ ನೋಡಿ, ನನ್ನ ಕಡೆ ತಿರುಗಿ, "ಏನ್ ಬೇಕಿತ್ತು ಅಮ್ಮಾ?" ಅಂದ. ನಾನು ಇವರ ಕಡೆ ಕೈ ತೋರಿಸಿದೆ. ಕಾರಿನ ಹೆಸರು ಹೇಳಲಿಕ್ಕೇ ಇವರಿಗೆ ಹೊತ್ತು ಹಿಡಿಯಿತು. ಅವನು ಒಂದಷ್ಟು ಶಾಕು ತಂದು ಹರವಿದ. ಇವರು ಒಂದನ್ನು ಮೇಜಿನ ಮೇಲೆ ನೆಟ್ಟಗೆ ನಿಲ್ಲಿಸಿ ಎಡಗೈಯಿಂದ ಒತ್ತಿದರು. ಅದು ಜಗ್ಗಲಿಲ್ಲ. ಬದಿಗಿಟ್ಟರು. ಇನ್ನೊಂದನ್ನು ಒತ್ತಿದರು, ಅರ್ಧಕ್ಕೆ ನಿಂತಿತು. ಆಮೇಲೆ ಏನೋ ಹೇಳಿದರು. ಮಾತು ಒಡೆದು ಒಡೆದು ಬಂತು. ಹಿಂದೆ ಗಿರಾಕಿಗಳು ನಿಂತಿದ್ದರು, ಒಬ್ಬ ಗಡಿಯಾರ ನೋಡಿಕೊಂಡ.

"ಏನಂತಾರೆ ಅಮ್ಮಾ?" ಅಂಗಡಿಯವನು ನನ್ನನ್ನು ಕೇಳಿದ.

ನನಗೆ ತಿಳಿದಿತ್ತು. ಇದಕ್ಕಿಂತ ಮೆತ್ತಗಿನದು ಕೊಡು ಅಂದಿದ್ದರು. ನಾಲಿಗೆಯ ತುದಿಯವರೆಗೆ ಬಂದಿತ್ತು.

"ಅವ್ರನ್ನ ಕೇಳ್ರಿ" ಅಂದೆ.

ಅವನು ಮೇಜಿನ ಮೇಲೆ ಬಾಗಿ ಇವರನ್ನೇ ಕೇಳಿದ. ಇವರು ಮತ್ತೆ ಹೇಳಿದರು, ಮತ್ತೆ. ನನ್ನ ಮುಖ ಕೆಂಡದಂತೆ ಬಿಸಿಯಾಗಿತ್ತು. ಎಲ್ಲ ಗೊತ್ತಾದ ಮೇಲೂ, ದೇವರೇ, ಈ ಅಂಗಡಿಗೆ ನಮ್ಮ ಕಡೆಯವರು ಯಾರೂ ಬರದಿರಲಿ ಅಂತ ಮನಸ್ಸು ಬೇಡಿಕೊಳ್ಳುತ್ತಲೇ ಇತ್ತು. ಇಂಥ ಮನಸ್ಸಿಗೆ ಏನು ಮಾಡಬೇಕೋ ನನಗೆ ತಿಳಿಯದು. ಅಂತೂ ಅಂಗಡಿಯವನಿಗೆ ಅರ್ಥವಾಯಿತು. ಒಳಗೆ ಹೋಗಿ ಬೇರೊಂದು ತಂದ. ಇವರು ಒತ್ತಿದರು. ಅದು ಬಿಗಿಯಾಗಿ, ಆದರೆ ಮಾತು ಕೇಳಿಕೊಂಡು, ಪೂರ್ತಿ ಇಳಿಯಿತು.

ಇವರು ಅದನ್ನು ಕೊಡು ಅನ್ನುತ್ತಾರೆಂದು ನಾನು ದುಡ್ಡು ತೆಗೆಯಲಿಕ್ಕೆ ಚೀಲಕ್ಕೆ ಕೈ ಹಾಕಿದೆ. ಅವರು ತಲೆ ಅಲ್ಲಾಡಿಸಿ, ಶಾಕನ್ನು ನನ್ನ ಮುಂದೆ ಸರಿಸಿ ನಿಲ್ಲಿಸಿದರು.

"ನೀನೂ... ಒತ್ತಿ ನೋಡು. ನಿನಗೂ... ಆಗಬೇಕಲ್ಲ."

ಅವರು ನನ್ನನ್ನು ಕೇಳುತ್ತಿದ್ದರು. ನಾನು ಒತ್ತಿದೆ.

"ಆತೇನು?"

"ಆತ್ರೀ" ಅಂದೆ. ಅದಕ್ಕಿಂತ ಹೆಚ್ಚಿನ ಮಾತು ನನಗೂ ಬರಲಿಲ್ಲ.