ಗಡಿ ಗೇಟಿನಲ್ಲಿ ಹೊಲಿದ ಲೇಸು

ಕೇರಳದಿಂದ ಬಸ್ಸಿನಲ್ಲಿ ಬರುವಾಗ ಕರಿಕೆಯ ಗಡಿ ಗೇಟಿನಲ್ಲಿ ಗಾರ್ಡು ನನ್ನ ಚೀಲದಿಂದ ಜರಿ ಲೇಸಿನ ಸುರುಳಿ ಎತ್ತಿದ. ಎರಡು ದಿನ ಬಿಟ್ಟು ಮಗಳ ಮದುವೆ. ಅವಳ ಕೆಂಪು ಮುಸುಕಿನ ಅಂಚಿಗೆಂದೇ ಹುಡುಕಿ ತಂದಿದ್ದೆ. ಯಾವ ರಸೀದಿಯನ್ನೂ ಬಿಸಾಡುವವಳಲ್ಲ ನಾನು. ಹೆಮ್ಮೆಯಿಂದ ಲೇಸಿನದನ್ನೂ ಚಾಚಿದೆ.

“ರಸೀದಿ ಇದೆ ಅಂದ್ರೆ ಇದು ಮೈಸೂರು ಸ್ಟೇಟಿಗೆ ಬರೋ ಸರಕು. ಪರ್ಮಿಟ್ ಇಲ್ದೆ ಬಿಡಲ್ಲ, ಅಮ್ಮ.”

“ಮುಸುಕಿಗೆ ಹೊಲಿಯೋದು ಕಣಪ್ಪ. ಮುಸುಕೂ ಚೀಲದಲ್ಲೇ ಇದೆ, ನೋಡು.”

“ಹೊಲಿದಿದ್ರೆ ಉಡುಪು. ಸುತ್ತಿಟ್ರೆ ಸರಕು.”

ಅದು ಆ ದಿನದ ಕೊನೆಯ ಬಸ್ಸು. ಅಲ್ಲೇ ಬೆಂಚಿನ ಮೇಲೆ ಕೂತು ಸೂಜಿ ತೆಗೆದೆ. ಆತುರಕ್ಕೆ ದಾರ ಸೂಜಿಗಣ್ಣಿಗೆ ಸೇರಲಿಲ್ಲ; ಗಾರ್ಡೇ ಪೋಣಿಸಿಕೊಟ್ಟ. ಉದ್ದುದ್ದ ಹೊಲಿಗೆ ಹಾಕುತ್ತಾ ಹೋದೆ.

“ಬರ್ತೀರೋ, ಇಲ್ಲೇ ಧಾರೆ ಎರೆಸ್ತೀರೋ?” ಎಂದು ಕಂಡಕ್ಟರ್ ಕೂಗಿದ.

ಮುಸುಕು ಮುಗಿದರೂ ಒಂದು ಮೊಳ ಲೇಸು ಉಳಿಯಿತು. ಗಾರ್ಡು ಅದನ್ನೇ ದಿಟ್ಟಿಸಿದ. ನನ್ನ ಸೆರಗಿಗೇ ಹೊಲಿದುಕೊಂಡೆ. ಅರ್ಧ ಸೆರಗಿಗಷ್ಟೇ ಸಾಕಾಯಿತು. ಅವನು ಗೇಟು ಎತ್ತಿದ.

ಮನೆಯಲ್ಲಿ ಆಗಲೇ ನೆಂಟರು ನೆರೆದಿದ್ದರು. “ಇದ್ಯಾವ ಊರಿನ ಫ್ಯಾಷನ್ನು, ಅಕ್ಕ?” ಎಂದು ನನ್ನ ಸೆರಗು ನೋಡಿ ಕೇಳಿದರು. “ಗಡಿಯಾಚೆಯದು” ಎಂದೆ, ಗಂಭೀರವಾಗಿ. ಆ ವರ್ಷದ ಮದುವೆಗಳಲ್ಲಿ ಅರ್ಧ ಸೆರಗಿಗೆ ಲೇಸಿಟ್ಟವರು ಹಲವರು ಕಂಡರು.