ಮರಳಲ್ಲಿ ಗೆರೆ, ಕೊರಳಲ್ಲಿ ಗಾಳಿ ಮೀಟರು

ದೈಹಿಕ ಶಿಕ್ಷಕಿ ಶಿವಗಂಗಮ್ಮ ಮೇಡಂ ಅವರನ್ನು ನಾನು ಮೊದಲು ನೋಡಿದ್ದು ೧೯೯೭ರ ಜುಲೈನಲ್ಲಿ. ಅರಕಲಗೂಡಿನ ಹೈಸ್ಕೂಲೊಂದಕ್ಕೆ ವಿಜ್ಞಾನದ ಮೇಷ್ಟರಾಗಿ ನಾನು ಸೇರಬೇಕಾಗಿದ್ದ ದಿನ. ಮಲ್ಲಿಪಟ್ಟಣದ ಬಸ್ಸಿಳಿದು ಗೇಟು ದಾಟುವಷ್ಟರಲ್ಲಿ ಆಷಾಢದ ಗಾಳಿ ನನ್ನ ಕೊಡೆಯನ್ನು ಮಗುಚಿ ಹಾಕಿತು. ಕಡ್ಡಿಗಳನ್ನು ಒಂದೊಂದಾಗಿ ಬಗ್ಗಿಸುತ್ತ ನಿಂತಾಗ, ಮೈದಾನದ ಮೂಲೆಯಲ್ಲಿ ಒಬ್ಬ ಹೆಂಗಸು ಮೊಣಕಾಲೂರಿ ಮರಳುಗುಂಡಿಯಿಂದ ಕಲ್ಲು ಆರಿಸುತ್ತಿದ್ದುದು ಕಂಡಿತು. ಸೆರಗು ಸೊಂಟಕ್ಕೆ ಸಿಕ್ಕಿಸಿತ್ತು, ಕೊರಳಲ್ಲಿ ವಿಶಲ್ ಇತ್ತು. ಆಕೆ ಎದ್ದು ಒಂದು ಹಿಡಿ ಮರಳನ್ನು ಭುಜದ ಎತ್ತರಕ್ಕೆ ಎತ್ತಿ, ಸಣ್ಣಗೆ ಧಾರೆಯಾಗಿ ಬಿಟ್ಟು, ಅದು ಯಾವ ಕಡೆ ಹಾರುತ್ತದೆಂದು ನೋಡಿದರು. ಆಮೇಲೆ ನನ್ನನ್ನು ನೋಡಿದರು.

"ಕೊಡೇನ ಗಾಳಿಗೆ ಎದುರಾಗಿ ಇಡೀಬೇಕು ಸಾ. ಪಕ್ಕಕ್ಕೆ ಇಡಿದ್ರೆ ಇಂಗೇ ಆಗೋದು."

ಹೊಸ ಸೈನ್ಸ್ ಮೇಷ್ಟ್ರು ಎಂದೆ. ಊರು ಕೇಳಿದರು. ಮನೆಯಲ್ಲಿ ಓದಿದವರು ಯಾರಿದ್ದಾರೆ ಎಂದು ಕೇಳಿದರು. ನಾನೇ ಮೊದಲು ಎಂದಾಗ ಮುಖ ಅರಳಿತು.

"ನಮ್ಮನೇಲೂ ನಾನೇ ಮೊದ್ಲು. ಬನ್ನಿ, ಒಂದು ತೋರಿಸ್ತೀನಿ."

ಹೀಗೆ ಹೆಡ್‌ಮಾಸ್ಟರ ಕೋಣೆಗಿಂತ ಮುಂಚೆ ನಾನು ನೋಡಿದ್ದು ವರಾಂಡದ ಗೋಡೆಯನ್ನು. ತಾಲ್ಲೂಕು ಕ್ರೀಡಾಕೂಟದ ದಾಖಲೆಗಳನ್ನು ಅಲ್ಲಿ ನೀಲಿ ಬಣ್ಣದಲ್ಲಿ ಬರೆಸಿದ್ದರು. ಬಾಲಕಿಯರ ಉದ್ದಜಿಗಿತ: ಶಿವಗಂಗಮ್ಮ, ೪.೮೬ ಮೀಟರು, ೧೯೮೩. ಬೇರೆ ಸಾಲುಗಳ ಬಣ್ಣ ಮಾಸಿತ್ತು. ಆ ಒಂದು ಸಾಲಿನ ಬಣ್ಣ ಮಾತ್ರ ಹೊಸದಾಗಿತ್ತು.

ಅವರ ತಂದೆ ಮಂಚಯ್ಯ ಹೊಗೆಸೊಪ್ಪು ಹದ ಮಾಡುವ ಬ್ಯಾರನ್ನುಗಳಲ್ಲಿ ಬೆಂಕಿ ಕಾಯುತ್ತಿದ್ದವರು. ಮಗಳನ್ನು ದೂರದ ಕ್ರೀಡಾ ಹಾಸ್ಟೆಲಿಗೆ ಕಳಿಸಲು ಅವರಿಗೆ ಧೈರ್ಯ ಬರಲಿಲ್ಲ. ಹಾಗಾಗಿ ಬರಿಗಾಲಲ್ಲಿ ನೆಗೆದ ಆ ೪.೮೬ರ ಮುಂದಕ್ಕೆ ಅವರ ಜಿಗಿತ ಹೋಗಲಿಲ್ಲ. ಕೆಲಸ, ಸಂಬಳ, ಮದುವೆ ಎಲ್ಲದರಲ್ಲೂ ಇನ್ನೊಬ್ಬರ ಉಪಕಾರವಿತ್ತು. ಆ ಅಂಕಿ ಮಾತ್ರ ಪೂರ್ತಿ ಅವರದು.

ಗಾಳಿ ಮೀಟರು ಶಾಲೆಗೆ ಬಂದದ್ದು ೨೦೦೨ರಲ್ಲಿ. ಗಾಳಿಯಂತ್ರ ನೆಡಲು ಗುಡ್ಡಗಳನ್ನು ಸರ್ವೆ ಮಾಡುತ್ತಿದ್ದ ವಂಶಿ ಎಂಬ ಎಂಜಿನಿಯರು ನಮ್ಮ ಬೀದಿಯಲ್ಲಿ ರೂಮು ಮಾಡಿಕೊಂಡಿದ್ದ. ಊರು ಬಿಡುವಾಗ ತನ್ನ ಹಳೆಯ ಮೀಟರನ್ನು ನನ್ನ ಕೈಗಿಟ್ಟ. ಅಂಗೈಯಗಲದ ವಸ್ತು. ತಲೆಯ ಮೇಲೆ ರೂಪಾಯಿಯಗಲದ ಒಂದು ಫ್ಯಾನು, ಕೆಳಗೆ ಅಂಕಿ ತೋರಿಸುವ ಗಾಜು. ಗಾಳಿಯ ವೇಗ, ಉಷ್ಣಾಂಶ, ತೇವ ಮೂರನ್ನೂ ತೋರಿಸುತ್ತಿತ್ತು. ಅಂಕಿಗಳನ್ನು ನಂಬುವ ಮೊದಲು ಅದರ ಸ್ವಭಾವ ಕಲಿಯಬೇಕಾಯಿತು. ಬಿಸಿಲಲ್ಲಿ ಹಿಡಿದರೆ ಹವೆಯದಲ್ಲ, ತನ್ನದೇ ಕಾವನ್ನು ತೋರಿಸುತ್ತದೆ. ಜೇಬಿನಿಂದ ತೆಗೆದ ಕೂಡಲೇ ತೇವ ಓದಿದರೆ ಅದು ನಮ್ಮ ಬೆವರಿನ ತೇವ, ಸ್ವಲ್ಪ ಕಾಯಬೇಕು. ಗಾಳಿ ಒಂದೇ ಸಮ ಬೀಸುವುದಿಲ್ಲವಾದ್ದರಿಂದ ಒಂದು ಬಟನ್ ಸರಾಸರಿಯನ್ನೂ ಇನ್ನೊಂದು ಅತಿ ಜೋರಿನ ಬೀಸನ್ನೂ ಹೇಳುತ್ತದೆ. "ಗಾಳಿಗೆ ಮುಖ ಮಾಡಿ ಹಿಡೀರಿ, ಫ್ಯಾನು ಎಲ್ಲಿ ಜೋರಾಗಿ ತಿರುಗುತ್ತೋ ಅದೇ ಗಾಳಿಯ ದಿಕ್ಕು" ಎಂದು ಮಕ್ಕಳಿಗೆ ಹೇಳಿಕೊಟ್ಟೆ.

ಒಂಬತ್ತನೇ ತರಗತಿಯ ಶೋಭಿತಾ ಎದ್ದು ನಿಂತಳು. ಶುಂಠಿ ಹೊಲಗಳಿಗೆ ಕೂಲಿ ಹೋಗುವ ದೇವಯ್ಯನ ಮಗಳು.

"ಸಾ, ಗಾಳೀನೇ ಇಲ್ದಾಗ ಇದನ್ನ ಇಡ್ಕೊಂಡು ಓಡಿದ್ರೆ?"

"ಓಡಿ ನೋಡು."

ಗಾಳಿ ಬಿದ್ದುಹೋಗಿದ್ದ ಒಂದು ಸಂಜೆ ಅವಳು ಮೀಟರನ್ನು ಮುಂದಕ್ಕೆ ಚಾಚಿ ಮೈದಾನದುದ್ದಕ್ಕೂ ಓಡಿದಳು. ಸೆಕೆಂಡಿಗೆ ಆರು ಮೀಟರು ಎಂದು ತೋರಿಸಿತು. ಅವಳ ಓಟವೇ ಗಾಳಿಯಾಗಿತ್ತು. ಮಕ್ಕಳು ಕೇಕೆ ಹಾಕಿದರು. ಮರಳುಗುಂಡಿಯ ಹತ್ತಿರ ನಿಂತಿದ್ದ ಶಿವಗಂಗಮ್ಮ ನಗಲಿಲ್ಲ. ಎಲ್ಲರೂ ಮನೆಗೆ ಹೋದ ಮೇಲೆ ಲ್ಯಾಬಿನ ಕಿಟಕಿಯಿಂದ ನೋಡಿದೆ. ಅವರು ಚಪ್ಪಲಿ ಬಿಟ್ಟು, ಸೀರೆ ಎತ್ತಿ ಕಟ್ಟಿ, ಮೀಟರು ಹಿಡಿದು ಅದೇ ದಾರಿಯಲ್ಲಿ ಓಡಿದರು. ನಿಂತು ಅಂಕಿ ನೋಡಿಕೊಂಡರು. ಬಟನ್ ಒತ್ತಿ ಅಳಿಸಿದರು.

ಮರುದಿನ ಕ್ರೀಡಾ ನಿಯಮಗಳ ಪುಸ್ತಕ ಹಿಡಿದು ಸ್ಟಾಫ್ ರೂಮಿಗೆ ಬಂದರು. ಓಟಗಾರರ ಬೆನ್ನ ಹಿಂದಿನಿಂದ ಬೀಸುವ ಗಾಳಿ ಸೆಕೆಂಡಿಗೆ ಎರಡು ಮೀಟರು ಮೀರಿದರೆ ಉದ್ದಜಿಗಿತಕ್ಕೆ ಬಹುಮಾನ ಕೊಡಬಹುದು, ದಾಖಲೆ ಕೊಡುವಂತಿಲ್ಲ. ಮೀಟರನ್ನು ಓಡುವ ದಾರಿಯ ಉದ್ದಕ್ಕೆ ನೇರ ಹಿಡಿಯಬೇಕು. ಎರಡನ್ನೂ ಅವರೇ ಗಟ್ಟಿಯಾಗಿ ಓದಿದರು. ಆವತ್ತಿನಿಂದ ಮೀಟರು ವಿಶಲ್ಲಿನ ದಾರಕ್ಕೆ ಸೇರಿ ಅವರ ಕೊರಳಿಗೆ ಹೋಯಿತು. ನನಗೆಂದು ಬಂದ ವಸ್ತು, ನನಗೂ ಒಳಗೆ ಚುರುಕ್ ಎಂದಿತು.

"ಮೇಡಂಗೆ ಈಗ ಎರಡು ತಾಳಿ ಸಾ," ಎಂದ ಅಟೆಂಡರ್ ಚಲುವಯ್ಯ. "ಒಂದು ಊದಕ್ಕೆ, ಒಂದು ಉರಿಯಕ್ಕೆ!"

ಆದರೆ ಶೋಭಿತಾಳನ್ನು ತಯಾರು ಮಾಡಿದ್ದೂ ಅವರೇ. ಬೆಳಿಗ್ಗೆ ಮೊದಲ ಬಸ್ಸಿಗೆ ಬರುವ ಹುಡುಗಿಗೆ ಮನೆಯಿಂದ ರಾಗಿ ರೊಟ್ಟಿ ತರುತ್ತಿದ್ದರು. ಮರಳು ಹದ ಮಾಡಿ, ಕಡ್ಡಿಯಿಂದ ೪.೮೬ರ ಜಾಗದಲ್ಲಿ ಗೆರೆ ಎಳೆಯುತ್ತಿದ್ದರು.

"ಇದೇ ನಾನು. ನನ್ ಕಾಲ್ ತುಳೀ ನೋಡಾನ."

ಹುಡುಗಿ ಗೆರೆಯಿಂದ ಮೊಳ ಹಿಂದಕ್ಕೆ ಬಿದ್ದಳು, ಆಮೇಲೆ ಗೇಣು ಹಿಂದಕ್ಕೆ. ೨೦೦೩ರ ಜುಲೈನಲ್ಲಿ ಒಂದು ಬೆಳಿಗ್ಗೆ ಹಿಮ್ಮಡಿ ಗೆರೆಯ ಮೇಲೇ ಕೂತಿತು. "ಸಬಾಸ್" ಎಂದರು. ಮರುದಿನದಿಂದ ಗೆರೆ ಎಳೆಯಲಿಲ್ಲ. ರೊಟ್ಟಿ ಮಾತ್ರ ತಪ್ಪಲಿಲ್ಲ. ಹುಡುಗಿ ಗೆಲ್ಲಲಿ ಎಂಬ ಆಸೆ ಅವರಿಗೆ ನಿಜವಾಗಿಯೂ ಇತ್ತು. ಗೆರೆಯೊಳಗೇ ಗೆಲ್ಲಲಿ ಎಂಬ ಆಸೆ ಅದಕ್ಕಿಂತ ಜೋರಾಗಿತ್ತು.

ಆಗಸ್ಟಿನಲ್ಲಿ ತಾಲ್ಲೂಕು ಕೂಟ ನಮ್ಮ ಮೈದಾನದಲ್ಲೇ ನಡೆಯಿತು. ಪಡುವಣ ಗಾಳಿ ಬಿಡದೆ ಹೊಡೆಯುತ್ತಿತ್ತು. ಜಿಗಿತದ ಓಡುದಾರಿ ದಕ್ಷಿಣದಿಂದ ಉತ್ತರಕ್ಕೆ, ಗಾಳಿ ಅಡ್ಡಕ್ಕೆ. ಶಿವಗಂಗಮ್ಮ ದಾರಿಯ ಪಕ್ಕ ನಿಂತು ಪ್ರತಿ ಹುಡುಗಿಗೂ ಮೀಟರನ್ನು ದಾರಿಯುದ್ದಕ್ಕೆ ಹಿಡಿದು ಅಂಕಿ ಕೂಗುತ್ತಿದ್ದರು: ಸೊನ್ನೆ ಪಾಯಿಂಟ್ ಏಳು, ಸೊನ್ನೆ ಪಾಯಿಂಟ್ ಒಂಬತ್ತು. ನಾನು ಟೇಪು ಹಿಡಿದಿದ್ದೆ.

ಒಬ್ಬೊಬ್ಬರಿಗೆ ಮೂರು ಅವಕಾಶ. ಶೋಭಿತಾಳ ಮೊದಲನೆಯದು ಫೌಲಾಯಿತು. ಎರಡನೆಯದಕ್ಕೆ ಅವಳು ಓಟ ಶುರು ಮಾಡಿದಾಗ ಮೇಡಂ ಮಣಿಕಟ್ಟು ತಿರುಗಿಸಿದರು. ಫ್ಯಾನು ಪಡುವಣಕ್ಕೆ ಮುಖ ಮಾಡಿ ಗಿರ್ರೆಂದಿತು. ಹುಡುಗಿ ಬಿದ್ದ ಜಾಗಕ್ಕೆ ಟೇಪು ಎಳೆದೆ: ೪.೯೩.

"ಗಾಳಿ ಮೂರು ಪಾಯಿಂಟ್ ನಾಕು," ಮೇಡಂ ಕೂಗಿದರು. "ಪ್ರೈಜ್ ಲೆಕ್ಕ, ರೆಕಾರ್ಡಿಲ್ಲ!"

ನಾನು ಹತ್ತಿರ ಹೋಗಿ ಮೆಲ್ಲಗೆ ಹೇಳಿದೆ, "ಮೇಡಂ, ದಾರಿಯುದ್ದಕ್ಕೆ ಹಿಡಿಯಬೇಕಿತ್ತು."

"ಗಾಳಿಗೆ ಮುಖ ಮಾಡಿ ಇಡೀರಿ ಅಂತ ಕ್ಲಾಸಲ್ಲಿ ಯೋಳಿದ್ದು ಯಾರು ಸಾ?"

"ಅದು ಬೀಸೋ ಗಾಳಿ ಎಷ್ಟು ಅಂತ ತಿಳಿಯೋಕೆ. ಇದು ಹುಡುಗೀನ ಎಷ್ಟು ನೂಕ್ತು ಅಂತ ತಿಳಿಯೋಕೆ. ನೀವೇ ಓದಿ ಹೇಳಿದ್ರಿ."

ಶೋಭಿತಾ ಕಾಲಿನ ಮರಳು ಕೊಡವುತ್ತ ಬಂದಳು. ಅವಳ ದನಿಯಲ್ಲಿ ಕೊಂಕಿರಲಿಲ್ಲ, ನಿಜಕ್ಕೂ ತಿಳಿಯಬೇಕಿತ್ತು.

"ಮಿಸ್, ಎಂಬತ್ಮೂರ್ರಲ್ಲಿ ನೀವು ನೆಗ್ದಾಗ ಮೀಟ್ರು ಯಾರು ಇಡ್ದಿದ್ರು?"

ಚಲುವಯ್ಯ ಬಾಯಿ ಹಾಕಿದ. "ಆಗೆಲ್ಲಿತ್ತಮ್ಮಾ ಮೀಟ್ರು? ಗಾಳಿ ಇತ್ತು, ಅಷ್ಟೆ."

ಸುತ್ತ ನಿಂತವರು ನಕ್ಕರು. ಶಿವಗಂಗಮ್ಮ ಬಗ್ಗಿ ಒಂದು ಹಿಡಿ ಮರಳೆತ್ತಿ, ಮೊದಲ ದಿನ ನಾನು ನೋಡಿದಂತೆಯೇ ಭುಜದ ಎತ್ತರದಿಂದ ಬಿಟ್ಟರು. ಮರಳು ಗುಂಡಿಯ ಕಡೆಗೆ ಹಾರಲಿಲ್ಲ. ಅಡ್ಡಕ್ಕೆ ಬಂದು ಅವರದೇ ಸೀರೆಯ ಮೇಲೆ ಬಿತ್ತು. ತಪ್ಪಾಗಿ ಅಳೆದ ಗಾಳಿಯನ್ನು ಮತ್ತೆ ಅಳೆಯಲು ಬರುವುದಿಲ್ಲ, ಆ ೪.೯೩ ಹೋದದ್ದು ಹೋಯಿತು. ಉಳಿದದ್ದು ಒಂದೇ ಜಿಗಿತ.

ಆ ಜಿಗಿತಕ್ಕೆ ಅವರು ಮೀಟರನ್ನು ಎರಡೂ ಕೈಯಲ್ಲಿ ಹಿಡಿದರು, ಓಡುದಾರಿಗೆ ನೇರವಾಗಿ. ಹುಡುಗಿಯ ಕಡೆ ನೋಡಲೇ ಇಲ್ಲ. ಅವಳು ಬಿದ್ದ ಸದ್ದಾದ ಮೇಲೂ ಗಾಜನ್ನೇ ನೋಡುತ್ತಿದ್ದರು.

"ಸೊನ್ನೆ ಪಾಯಿಂಟ್ ಎಂಟು," ಎಂದರು. "ಎಷ್ಟು ಸಾ?"

"ನಾಲ್ಕು ಎಂಬತ್ತೊಂಬತ್ತು."

"ರೆಕಾರ್ಡು. ಬರ್ಕೊಳಿ."

ಆಮೇಲೆ ಶೋಭಿತಾಳ ಜಡೆ ಹಿಡಿದು ಹತ್ತಿರ ಎಳೆದುಕೊಂಡರು. "ಒಟ್ಟೆ ಉರೀತದೆ ಕಣೇ ನಂಗೆ. ಬೆಂಕಿ ಬಿದ್ದಂಗೆ."

"ಗೊತ್ತು ಮಿಸ್. ಗೆರೆ ಎಳೆಯೋದು ಬುಟ್ರಲ್ಲ, ಅವತ್ತೇ ಗೊತ್ತಾಯ್ತು."

ಬಹುಮಾನ ವಿತರಣೆಗೆ ಅವರು ನಿಲ್ಲಲಿಲ್ಲ, ತಲೆನೋವೆಂದು ಮನೆಗೆ ಹೋದರು. ಗೋಡೆ ಬರೆಯಲು ಪೇಂಟರ್ ಸಿಗಲಿಲ್ಲ ಎಂದು ದಸರಾ ರಜೆಯವರೆಗೂ ತಳ್ಳಿದರು. ಕೊನೆಗೆ ತಾವೇ ಬ್ರಷ್ ಹಿಡಿದು ತಮ್ಮ ಹೆಸರಿಗೆ ಸುಣ್ಣ ಬಳಿದು, ಶೋಭಿತಾಳ ಹೆಸರು ಬರೆದರು. ಅಂಕಿಯ ಪಕ್ಕ ಗಾಳಿ ೦.೮ ಎಂದೂ ಬರೆದರು. ಮರುದಿನ ಬೆಳಿಗ್ಗೆ ಮರಳಿನಲ್ಲಿ ಮತ್ತೆ ಗೆರೆ ಕಂಡಿತು, ಈ ಸಲ ೪.೮೯ಕ್ಕೆ.

ಶಿವಗಂಗಮ್ಮ ಈಗ ಚನ್ನರಾಯಪಟ್ಟಣದ ಕಡೆಯ ಒಂದು ಹೈಸ್ಕೂಲಿನಲ್ಲಿ ದೈಹಿಕ ಶಿಕ್ಷಕಿ. ಆಗಸ್ಟ್ ಬಂದರೆ ಹಾಸನ, ಹೊಳೆನರಸೀಪುರ, ಅರಕಲಗೂಡು ಎಲ್ಲಿ ಕರೆದರೂ ಹೋಗಿ ಉದ್ದಜಿಗಿತಕ್ಕೆ ಗಾಳಿ ಅಳೆಯುತ್ತಾರೆ.